ತೋರಿಸದ ದೆವ್ವ, ತೋರಿಸದ ಖರ್ಚು

ರಾತ್ರಿ ಮಲಗುವ ಮುಂಚೆ ಅವನು ಪೌಡರ್ ಡಬ್ಬಿ ತಂದು ಬೆಡ್‌ರೂಮಿನ ಹೊರಗಿನ ಪ್ಯಾಸೇಜಿನಲ್ಲಿ ನೆಲದ ತುಂಬ ಉದುರಿಸುತ್ತಾನೆ. ಇಬ್ಬರೂ ಮಲಗುತ್ತಾರೆ. ನಡುರಾತ್ರಿ ಎಲ್ಲೋ ಕಿರ್ರ್ ಎಂದ ಸದ್ದು. ಎದ್ದು ಬಂದು ನೋಡಿದರೆ ಪೌಡರಿನ ಮೇಲೆ ಹೆಜ್ಜೆ ಗುರುತು. ಮನುಷ್ಯರ ಹೆಜ್ಜೆಯಂತೂ ಅಲ್ಲ. ಅಟ್ಟದ ಕಡೆಯಿಂದ ಹೊರಟು, ಅವರು ಮಲಗಿದ್ದ ಕೋಣೆಯ ಕಡೆಗೇ ಬಂದಿವೆ.

'ಪ್ಯಾರಾನಾರ್ಮಲ್ ಆಕ್ಟಿವಿಟಿ' ನೋಡಿದವರಿಗೆ ಈ ದೃಶ್ಯ ಮರೆತಿರುವುದಿಲ್ಲ. ದೆವ್ವ ಕಾಣಿಸುವುದಿಲ್ಲ, ಗ್ರಾಫಿಕ್ಸ್ ಇಲ್ಲ, ಮೇಕಪ್ ಇಲ್ಲ. ಖರ್ಚು ಅಂದರೆ ಒಂದು ಡಬ್ಬಿ ಪೌಡರು, ಅಷ್ಟೇ.

ಓರೆನ್ ಪೆಲಿ ಎಂಬ ಕಂಪ್ಯೂಟರ್ ಪ್ರೋಗ್ರಾಮರ್ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತನ್ನದೇ ಮನೆಯಲ್ಲಿ, ಒಂದು ವಾರದಲ್ಲಿ ತೆಗೆದ ಸಿನಿಮಾ ಇದು. ಖರ್ಚಾದದ್ದು ಸುಮಾರು 15,000 ಡಾಲರ್. ಆಗಿನ ಲೆಕ್ಕದಲ್ಲಿ ಆರೇಳು ಲಕ್ಷ ರೂಪಾಯಿ. ಬೆಂಗಳೂರಿನಲ್ಲಿ ಒಂದು ಮದುವೆ ಮಾಡಲಿಕ್ಕೂ ಸಾಲದ ದುಡ್ಡು. ಬಂದ ಕಲೆಕ್ಷನ್ ಪ್ರಪಂಚದಾದ್ಯಂತ ಸುಮಾರು 19.3 ಕೋಟಿ ಡಾಲರ್. ಅಂದರೆ ಹತ್ತಿರ ಹತ್ತಿರ 900 ಕೋಟಿ ರೂಪಾಯಿ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ ತಲೆ ಕೆಡಿಸಿಕೊಂಡ ಹುಡುಗರು ಎಷ್ಟೋ ಜನ. ನನ್ನ ಗೆಳೆಯನೇ ಒಬ್ಬ ಇದ್ದಾನೆ. ಸಕಲೇಶಪುರದ ಹತ್ತಿರ ಒಂದು ಹಳೇ ಎಸ್ಟೇಟ್ ಬಂಗಲೆ ಹಿಡಿದು, ನಾಲ್ಕು ಜನ ರಂಗಭೂಮಿ ಕಲಾವಿದರನ್ನು ಕರೆದುಕೊಂಡು ಹೋಗಿ, 12 ದಿನದಲ್ಲಿ ಶೂಟಿಂಗ್ ಮುಗಿಸಿ ಬಂದ. ಸಿನಿಮಾ ಕೆಟ್ಟದಾಗೇನೂ ಇರಲಿಲ್ಲ. ಈಗ ಅದು ಒಂದು ಹಾರ್ಡ್ ಡಿಸ್ಕಿನಲ್ಲಿ, ಅವನ ಮನೆಯ ಬೀರುವಿನಲ್ಲಿ, ಮದುವೆ ಆಲ್ಬಮ್ಮಿನ ಪಕ್ಕದಲ್ಲಿದೆ. "ದೆವ್ವ ಸಿಕ್ತು, ಡಿಸ್ಟ್ರಿಬ್ಯೂಟರ್ ಸಿಗ್ಲಿಲ್ಲ" ಅನ್ನುತ್ತಾನೆ.

ಕಡಿಮೆ ಬಜೆಟ್ಟಿನ ಹಾರರ್ ಹೇಗೆ ಗೆಲ್ಲುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಪೌಡರ್ ಡಬ್ಬಿಯಲ್ಲಿದೆ. ಪರದೆಯ ಮೇಲೆ ತೋರಿಸದೇ ಬಿಟ್ಟದ್ದೇ ನಮ್ಮನ್ನು ಹೆದರಿಸುತ್ತದೆ. ಉಳಿದರ್ಧ ಆ ಬೀರುವಿನಲ್ಲಿದೆ. 15,000 ಡಾಲರ್ ಎನ್ನುವ ಲೆಕ್ಕದಲ್ಲೂ ತೋರಿಸದೇ ಬಿಟ್ಟದ್ದು ಬೇಕಾದಷ್ಟಿದೆ.

ಬಡತನ ನಿಜದಂತೆ ಕಾಣುವ ಜಾಗ

ಒಂದು ಆಕ್ಷನ್ ಸಿನಿಮಾವನ್ನು ಕಡಿಮೆ ದುಡ್ಡಿನಲ್ಲಿ ತೆಗೆದರೆ ಅದು ಕಡಿಮೆ ದುಡ್ಡಿನ ಸಿನಿಮಾ ಅಂತಲೇ ಕಾಣುತ್ತದೆ. ಕಾರು ಉರುಳಬೇಕಾದ ಕಡೆ ಸ್ಕೂಟರ್ ಉರುಳುತ್ತದೆ. ರಾಜರ ಕಥೆ ತೆಗೆದರೆ ಕಿರೀಟ ರಟ್ಟಿನದು ಅಂತ ಎರಡನೇ ಸಾಲಿನವರಿಗೂ ಗೊತ್ತಾಗುತ್ತದೆ. ಹಾರರ್ ಹಾಗಲ್ಲ. ಮಸುಕಾದ ಚಿತ್ರ, ಅಲುಗಾಡುವ ಕ್ಯಾಮೆರಾ, ಅರೆಬರೆ ಬೆಳಕು, ಗುರುತಿಲ್ಲದ ಮುಖಗಳು. ಬೇರೆ ಕಡೆ ಕೊರತೆ ಅನ್ನಿಸುವುದೆಲ್ಲ ಇಲ್ಲಿ 'ಇದು ನಿಜವಾಗಿ ನಡೆದದ್ದಿರಬಹುದು' ಅನ್ನಿಸುತ್ತದೆ.

ಸ್ಟಾರ್ ಬೇಕಿಲ್ಲ ಎನ್ನುವುದೂ ಇದೇ ಲೆಕ್ಕ. ಬೇಕಿಲ್ಲ ಅನ್ನುವುದಕ್ಕಿಂತ, ಇದ್ದರೆ ತೊಂದರೆಯೇ ಜಾಸ್ತಿ. ದೊಡ್ಡ ಹೀರೋ ಕತ್ತಲೆ ಕೋಣೆಗೆ ನುಗ್ಗಿದರೆ ನಾವು ಹೆದರುವುದಿಲ್ಲ. ಕ್ಲೈಮ್ಯಾಕ್ಸ್ ಫೈಟ್ ಇನ್ನೂ ಬಾಕಿ ಇದೆ, ಈಗಲೇ ಸಾಯುವುದಿಲ್ಲ ಅಂತ ಗೊತ್ತಿರುತ್ತದಲ್ಲ. ಯಾರೋ ಗೊತ್ತಿಲ್ಲದ ಹುಡುಗಿ ಅದೇ ಕೋಣೆಗೆ ಹೋದರೆ ಏನು ಬೇಕಾದರೂ ಆಗಬಹುದು. ಒಂದು ಸಿನಿಮಾದ ಖರ್ಚಿನಲ್ಲಿ ದೊಡ್ಡ ಪಾಲು ಸ್ಟಾರ್ ಸಂಭಾವನೆಗೇ ಹೋಗುತ್ತದೆ. ಆ ಪಾಲನ್ನೇ ತೆಗೆದುಹಾಕಿದರೂ ಕೆಡದ, ಉಲ್ಟಾ ಸುಧಾರಿಸುವ ಸಿನಿಮಾ ಇದೊಂದೇ ಇರಬೇಕು.

1968ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರ ಮಾಡಿಕೊಂಡಿದ್ದ ಜಾರ್ಜ್ ರೊಮೆರೊ ಮತ್ತು ಗೆಳೆಯರು ಇದನ್ನು ಮೊದಲು ದೊಡ್ಡದಾಗಿ ತೋರಿಸಿಕೊಟ್ಟರು. ಹತ್ತು ಜನ ತಲಾ 600 ಡಾಲರ್ ಹಾಕಿ ಶುರು ಮಾಡಿದ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಕೊನೆಗೆ ಸುಮಾರು 1.14 ಲಕ್ಷ ಡಾಲರಿನಲ್ಲಿ ಮುಗಿಯಿತು. ಒಂದು ಹಳ್ಳಿ ಮನೆ, ಕಪ್ಪು ಬಿಳುಪು ಫಿಲ್ಮು, ರಕ್ತದ ಬದಲು ಚಾಕೊಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಎರಡಕ್ಕೂ ಏನು ವ್ಯತ್ಯಾಸ ಹೇಳಿ?

ಹತ್ತು ವರ್ಷದ ಮೇಲೆ ಜಾನ್ ಕಾರ್ಪೆಂಟರ್ 'ಹ್ಯಾಲೋವೀನ್' ತೆಗೆದ. ಖರ್ಚು 3 ಲಕ್ಷ ಡಾಲರಿಗಿಂತ ಸ್ವಲ್ಪ ಮೇಲೆ. ಕಥೆ ನಡೆಯುವುದು ಎಲೆ ಉದುರುವ ಅಕ್ಟೋಬರಿನಲ್ಲಿ. ಶೂಟಿಂಗ್ ನಡೆದದ್ದು ಎಲ್ಲ ಹಸಿರಾಗಿರುವ ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಅದಕ್ಕೆ ಎಲೆಗಳಿಗೆ ಬಣ್ಣ ಬಳಿದು, ಬೀದಿಯಲ್ಲಿ ಹರಡಿ, ಶಾಟ್ ಮುಗಿದ ಮೇಲೆ ಮತ್ತೆ ಗುಡಿಸಿ ಚೀಲಕ್ಕೆ ತುಂಬಿ, ಮುಂದಿನ ಶಾಟಿಗೆ ಅದೇ ಎಲೆಗಳನ್ನೇ ಹರಡುತ್ತಿದ್ದರು. ಕೊಲೆಗಾರನ ಮುಖವಾಡ ಎರಡು ಡಾಲರಿಗೂ ಕಡಿಮೆ ಬೆಲೆಯದು. 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಕರ್ಕ್ ಪಾತ್ರದ ರಬ್ಬರ್ ಮುಖವನ್ನು ಅಂಗಡಿಯಿಂದ ತಂದು, ಹುಬ್ಬು ಕಿತ್ತು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಹೊಡೆದರು. ಆ ಮುಖದಲ್ಲಿ ಯಾವ ಭಾವವೂ ಇಲ್ಲ. ಇಲ್ಲದ್ದಕ್ಕೇ ಹೆದರಿಕೆ. ಸಿನಿಮಾ ಗಳಿಸಿದ್ದು ಸುಮಾರು 7 ಕೋಟಿ ಡಾಲರ್.

ನಮ್ಮಲ್ಲಿ ಈ ವಿದ್ಯೆ ರ‍್ಯಾಮ್ಸೇ ಸಹೋದರರಿಗೆ ಒಲಿದಿತ್ತು. ಏಳು ಜನ ಅಣ್ಣತಮ್ಮಂದಿರು. ಒಬ್ಬ ಕ್ಯಾಮೆರಾ, ಒಬ್ಬ ಸೌಂಡು, ಒಬ್ಬ ಸ್ಕ್ರಿಪ್ಟು, ಹೀಗೆ ಮನೆಯೇ ಒಂದು ಯೂನಿಟ್ಟು. 1972ರಲ್ಲಿ ಬಂದ 'ದೋ ಗಜ್ ಜಮೀನ್ ಕೆ ನೀಚೆ'ಯಿಂದ ಶುರುವಾಗಿ 1984ರ 'ಪುರಾನಾ ಮಂದಿರ್'ವರೆಗೆ ಬೆಳೆದ ಇವರ ಸಿನಿಮಾಗಳು ದೊಡ್ಡ ನಗರದ ಏಸಿ ಥಿಯೇಟರುಗಳನ್ನು ನೆಚ್ಚಿಕೊಂಡಿರಲಿಲ್ಲ. ಸಣ್ಣ ಊರಿನ ಟಾಕೀಸುಗಳಲ್ಲೇ ಇವರ ದುಡ್ಡು ಹುಟ್ಟುತ್ತಿತ್ತು. ವಿಮರ್ಶಕರು ಮೂಗು ಮುರಿದರು, ಟಾಕೀಸು ತುಂಬಿತು.

ಗಡಿಯಾರ ನಿಧಾನವಾದಾಗ

ಆದರೆ ಬರೀ ಖರ್ಚು ಉಳಿಸಿದ ಮಾತ್ರಕ್ಕೆ ಯಾರೂ ಹೆದರುವುದಿಲ್ಲ. ಅದಕ್ಕೆ ಬೇರೆಯೇ ಕಸುಬು ಬೇಕು.

'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯನ್ನು ನಾನು ಮೊದಲ ಸಲ ನೋಡಿದ್ದು ಒಬ್ಬನೇ, ಮಧ್ಯಾಹ್ನ ಊಟ ಆದ ಮೇಲೆ, ಲ್ಯಾಪ್‌ಟಾಪಿನಲ್ಲಿ. ನಿದ್ದೆ ಬಂತು, ನಿಜ ಹೇಳಬೇಕಂದ್ರೆ. ಎರಡನೇ ಸಲ ಐದಾರು ಜನ ಗೆಳೆಯರ ಜೊತೆ, ರೂಮಿನ ಲೈಟು ಆರಿಸಿ ನೋಡಿದೆ. ಆಗ ಗೊತ್ತಾಯಿತು ಅದರ ಮರ್ಮ. ರಾತ್ರಿಯ ದೃಶ್ಯಗಳಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ನಿಂತೇ ಇರುತ್ತದೆ, ಕದಲುವುದಿಲ್ಲ. ಒಂದು ಕಡೆ ಮಂಚದ ಮೇಲೆ ಮಲಗಿದ ಇಬ್ಬರು. ಇನ್ನೊಂದು ಕಡೆ ತೆರೆದ ಬಾಗಿಲು, ಅದರಾಚೆ ಕತ್ತಲೆ. ಮೂಲೆಯಲ್ಲಿ ಸಮಯ ತೋರಿಸುವ ಅಂಕಿಗಳು ದಡದಡ ಓಡುತ್ತಿರುತ್ತವೆ. ಇದ್ದಕ್ಕಿದ್ದಂತೆ ಆ ಓಟ ನಿಂತು, ಸೆಕೆಂಡುಗಳು ಒಂದೊಂದಾಗಿ ಬೀಳಲು ಶುರುವಾಗುತ್ತವೆ.

ಅಷ್ಟೇ. ಬೇರೇನೂ ಆಗಿಲ್ಲ. ಆದರೂ ನಮ್ಮ ರೂಮಿನಲ್ಲಿ ಚಿಪ್ಸ್ ತಿನ್ನುವ ಸದ್ದು ನಿಂತುಹೋಯಿತು. ಅಂಕಿ ನಿಧಾನವಾಯಿತು ಅಂದರೆ ಏನೋ ಆಗುತ್ತದೆ ಅಂತ ಸಿನಿಮಾ ನಮಗೆ ಎರಡನೇ ರಾತ್ರಿಯೊಳಗೆ ಕಲಿಸಿಬಿಟ್ಟಿದೆ. ಆಮೇಲೆ ಬಾಗಿಲು ಒಂದು ಗೇಣು ಅಲುಗಾಡಿದರೂ ಸಾಕು. ಬಾಗಿಲನ್ನು ಎಳೆದವರು ಯಾರು ಅನ್ನುವುದನ್ನು ನಾವೇ ಕಟ್ಟಿಕೊಳ್ಳುತ್ತೇವೆ, ನಮ್ಮ ನಮ್ಮ ಅಜ್ಜಿ ಹೇಳಿದ ಕಥೆಗಳಿಂದ ಸಾಮಾನು ತಂದು. ಗ್ರಾಫಿಕ್ಸ್ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುವವನು ಪ್ರೇಕ್ಷಕನೇ.

ಇನ್ನೊಂದು ಕೆಲಸ ಸದ್ದಿನದು. ಎಳೆ ತರಕಾರಿಯ ದಂಟು ಲಟಕ್ಕನೆ ಮುರಿದರೆ ಪರದೆಯ ಮೇಲೆ ಮೂಳೆ ಮುರಿಯುತ್ತದೆ ಎನ್ನುವುದು ಸೌಂಡಿನವರ ಹಳೇ ಉಪಾಯ. ಚಿತ್ರ ಮಸುಕಾಗಿದ್ದರೆ ಜನ ಸಹಿಸುತ್ತಾರೆ, ಸದ್ದು ಕೆಟ್ಟರೆ ಸಹಿಸುವುದಿಲ್ಲ. 'ಹ್ಯಾಲೋವೀನ್' ಬಗ್ಗೆ ಕಾರ್ಪೆಂಟರ್ ತಾನೇ ಹೇಳಿಕೊಂಡ ಪ್ರಸಂಗ ಒಂದಿದೆ. ಸಂಗೀತ ಹಾಕದ ಪ್ರತಿಯನ್ನು ಒಂದು ಸ್ಟುಡಿಯೋದ ಅಧಿಕಾರಿಗೆ ತೋರಿಸಿದ. ಆಕೆಗೆ ಚೂರೂ ಭಯವಾಗಲಿಲ್ಲ. ಆಮೇಲೆ ಕೈಯಲ್ಲಿ ದುಡ್ಡಿಲ್ಲದೆ ತಾನೇ ಕೂತು ಕೆಲವೇ ದಿನದಲ್ಲಿ ಸಂಗೀತ ಮಾಡಿದ. ಚಿತ್ರ ಅದೇ, ಸದ್ದು ಬೇರೆ. ಸಂಗೀತದ ಜೊತೆ ನೋಡಿದ ಮೇಲೆ ಅದೇ ಅಧಿಕಾರಿ ಸಿನಿಮಾವನ್ನು ಮೆಚ್ಚಿಕೊಂಡರಂತೆ.

ಆ ಪಿಯಾನೊ ಧಾಟಿ ಐದರ ಎಣಿಕೆಯದು. ಚಿಕ್ಕಂದಿನಲ್ಲಿ ಅವನ ಅಪ್ಪ, ಸಂಗೀತದ ಪ್ರೊಫೆಸರ್, ಬಾಂಗೊ ಮೇಲೆ ಕಲಿಸಿದ ತಾಳ. ನಮ್ಮ ಖಂಡಚಾಪು ಕೇಳಿ ಗೊತ್ತಿದ್ದವರಿಗೆ ಐದು ಹೊಸದೇನಲ್ಲ. ಆದರೆ ನಾಲ್ಕಕ್ಕೆ ಒಗ್ಗಿದ ಕಿವಿಗೆ ಪ್ರತಿ ಸಲವೂ ಒಂದು ಹೆಜ್ಜೆ ಜಾಸ್ತಿ ಕೇಳಿಸುತ್ತದೆ. ಹಿಂದೆ ಯಾರೋ ಬರುತ್ತಿದ್ದಾರೇನೋ ಅನ್ನಿಸುವ ಹಾಗೆ.

'ನಾಳೆ ಬಾ' ಮತ್ತು ಕಾಣೆಯಾದವರ ಪೋಸ್ಟರ್

90ರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದವರಿಗೆ ಒಂದು ಹಾರರ್ ಶೋ ಪುಕ್ಕಟೆಯಾಗಿ ಸಿಕ್ಕಿತ್ತು. ರಾತ್ರಿ ಹೊತ್ತು ಒಬ್ಬಳು ಬರುತ್ತಾಳೆ, ಮನೆಯವರ ದನಿಯಲ್ಲೇ ಕರೆಯುತ್ತಾಳೆ, ಬಾಗಿಲು ತೆಗೆದರೆ ಕಥೆ ಮುಗೀತು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತಾಳೆ. ಮರುದಿನ ಬಂದರೂ ಅದೇ ಬರಹ. ನಮ್ಮ ವಠಾರದ ಎಂಟು ಬಾಗಿಲಲ್ಲಿ ಏಳರ ಮೇಲೆ ಸೀಮೆಸುಣ್ಣದಲ್ಲಿ ಇದನ್ನು ಬರೆದಿದ್ದರು. ಎಂಟನೇ ಮನೆಯ ಮೇಷ್ಟ್ರು "ಇದೆಲ್ಲ ಸುಳ್ಳು, ಹೋಗ್ರೋ" ಎಂದು ನಗುತ್ತಿದ್ದರು. ಮೂರನೇ ದಿನ ಅವರ ಬಾಗಿಲ ಮೇಲೂ ಬರಹ ಬಂತು. ಹೆಂಡತಿ ಬರೆದದ್ದು ಅಂದರು. ಅಕ್ಷರ ಮಾತ್ರ ಮೇಷ್ಟ್ರದ್ದೇ ಇತ್ತು.

ಈ ಕಥೆಗೆ ಪೋಸ್ಟರ್ ಅಂಟಿಸಿದವರಿಲ್ಲ, ರೇಡಿಯೋದಲ್ಲಿ ಜಾಹೀರಾತು ಕೊಟ್ಟವರಿಲ್ಲ. ಬಾಗಿಲುಗಳೇ ಪೋಸ್ಟರ್. ಹೆದರಿದವನು ಇನ್ನೊಬ್ಬನಿಗೆ ಹೇಳದೇ ಇರುವುದಿಲ್ಲ. ಹಾಸ್ಯ ಸಿನಿಮಾ ನೋಡಿ ಬಂದವನು 'ಚೆನ್ನಾಗಿದೆ' ಎನ್ನುತ್ತಾನೆ. ದೆವ್ವದ ಸಿನಿಮಾ ನೋಡಿ ಬಂದವನು 'ನೀನೂ ಹೋಗಿ ನೋಡು, ನಿನಗೆ ಧೈರ್ಯ ಇದ್ರೆ' ಎನ್ನುತ್ತಾನೆ. ಎರಡನೆಯದು ಸವಾಲು. ಟಿಕೆಟ್ ಮಾರುವುದು ಅದೇ. ('ನಾಳೆ ಬಾ'ದ ಎಳೆಯನ್ನೇ ಹಿಡಿದು 2018ರಲ್ಲಿ ಹಿಂದಿಯವರು 'ಸ್ತ್ರೀ' ಮಾಡಿ ಗೆದ್ದರು. ಬಾಗಿಲು ನಮ್ಮದು, ದುಡ್ಡು ಅವರದು.)

1999ರಲ್ಲಿ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಮಾಡಿದ್ದು ಇದನ್ನೇ, ಇಂಟರ್ನೆಟ್ ಎಂಬ ಹೊಸ ಬಾಗಿಲ ಮೇಲೆ. ಮೂವರು ವಿದ್ಯಾರ್ಥಿಗಳು ಮೇರಿಲ್ಯಾಂಡಿನ ಕಾಡಿಗೆ ಮಾಟಗಾತಿಯ ಸಾಕ್ಷ್ಯಚಿತ್ರ ತೆಗೆಯಲು ಹೋದರು, ಕಾಣೆಯಾದರು, ಒಂದು ವರ್ಷದ ಮೇಲೆ ಅವರ ಕ್ಯಾಮೆರಾದ ಚಿತ್ರಗಳಷ್ಟೇ ಸಿಕ್ಕವು. ಇದು ಕಥೆ. ಇದನ್ನು ಕಥೆ ಅಂತ ಹೇಳದೆ ಸುದ್ದಿಯ ಹಾಗೆ ಬಿಟ್ಟರು. ವೆಬ್‌ಸೈಟಿನಲ್ಲಿ ಪೊಲೀಸ್ ವರದಿಯಂಥದ್ದು, ಹಳೇ ಫೋಟೋಗಳು, ಮಾಟಗಾತಿಯ ಇತಿಹಾಸ. ಬೀದಿಯಲ್ಲಿ 'ಕಾಣೆಯಾಗಿದ್ದಾರೆ' ಎಂಬ ಪೋಸ್ಟರ್. ಸಿನಿಮಾ ಬಿಡುಗಡೆಯಾಗುವವರೆಗೆ ಮೂವರು ನಟರೂ ಹೊರಗೆ ಮುಖ ತೋರಿಸುವ ಹಾಗಿರಲಿಲ್ಲ. ನಟಿ ಹೆದರ್ ಡೊನಹ್ಯೂ ಅವರ ತಾಯಿಗೆ ಜನ ಸಂತಾಪದ ಕಾರ್ಡ್ ಕಳಿಸಿದರು, ಮಗಳು ಮನೆಯಲ್ಲಿ ಚೆನ್ನಾಗಿಯೇ ಇದ್ದಾಗ.

ಗಳಿಕೆ ಸುಮಾರು 24.8 ಕೋಟಿ ಡಾಲರ್. ಆದರೆ ಆ ಸಲದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಇದನ್ನು ನೋಡಿಯೂ ಕೊಳ್ಳದೆ ಬಿಟ್ಟವರು ಹಲವರು. ಅವರಲ್ಲಿ ಒಬ್ಬ ಮಿರಾಮ್ಯಾಕ್ಸ್ ಕಂಪನಿಗೆ ಸಿನಿಮಾ ಆರಿಸುತ್ತಿದ್ದ ಜೇಸನ್ ಬ್ಲಮ್. ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಹತ್ತು ವರ್ಷದ ಮೇಲೆ ಪೆಲಿಯ ಪೌಡರ್ ಸಿನಿಮಾ ಬಂದಾಗ 'ನಿಜ ಘಟನೆ' ಎಂಬ ಉಪಾಯ ಹಳತಾಗಿತ್ತು. ಮೊದಲು ಡ್ರೀಮ್‌ವರ್ಕ್ಸ್‌ ಸ್ಟುಡಿಯೋದವರಿಗೆ ಈ ಸಿನಿಮಾವನ್ನೇ ಬಿಡುಗಡೆ ಮಾಡುವ ಮನಸ್ಸಿರಲಿಲ್ಲ. ಹೆಸರಿರುವ ನಟರನ್ನು ಹಾಕಿ, ಹೆಚ್ಚು ದುಡ್ಡಿನಲ್ಲಿ ಮತ್ತೊಮ್ಮೆ ತೆಗೆಯೋಣ ಅಂದುಕೊಂಡಿದ್ದರು. ಒಂದು ಸಲ ಜನರಿಗೆ ತೋರಿಸಿ ನೋಡೋಣ ಎಂದು ಪೆಲಿ ಮತ್ತು ಆ ಹೊತ್ತಿಗೆ ನಿರ್ಮಾಪಕನಾಗಿ ಅವನ ಜೊತೆ ಸೇರಿದ್ದ ಬ್ಲಮ್ ಪಟ್ಟು ಹಿಡಿದರು. ಪ್ರದರ್ಶನದ ನಡುವೆ ಜನ ಎದ್ದು ಹೊರಡತೊಡಗಿದರು. ಬೋರಾಗಿ ಅಂದುಕೊಂಡರು. ವಿಚಾರಿಸಿದರೆ, ಹೆದರಿ!

ಮುಂದಿನ ಪ್ರಚಾರವೆಲ್ಲ ಅದೇ ಜಾಡಿನಲ್ಲಿ ನಡೆಯಿತು. ಟ್ರೇಲರಿನಲ್ಲಿ ಸಿನಿಮಾಗಿಂತ ಜಾಸ್ತಿ ತೋರಿಸಿದ್ದು ಪ್ರೇಕ್ಷಕರನ್ನು. ಕತ್ತಲೆಯಲ್ಲಿ ಹಸಿರು ಬಣ್ಣಕ್ಕೆ ತಿರುಗಿದ ಮುಖಗಳು, ಬೆಚ್ಚಿಬೀಳುವುದು, ಪಕ್ಕದವರ ತೋಳು ಹಿಡಿಯುವುದು. 2009ರ ಸೆಪ್ಟೆಂಬರಿನಲ್ಲಿ 13 ಕಾಲೇಜು ಊರುಗಳಲ್ಲಿ ಮಾತ್ರ, ಅದೂ ಮಧ್ಯರಾತ್ರಿ ಶೋ. 'ನಿಮ್ಮೂರಿಗೂ ಬೇಕಾ? ವೆಬ್‌ಸೈಟಿನಲ್ಲಿ ಕೇಳಿ' ಎಂದರು. ಹತ್ತು ಲಕ್ಷ ಜನ ಕೇಳಿದರೆ ದೇಶದ ತುಂಬ ಬಿಡುಗಡೆ ಅಂದರು. ಜನ ಕೇಳಿದರು. ತಾವೇ ಕೇಳಿ ತರಿಸಿಕೊಂಡ ಸಿನಿಮಾಗೆ ಹೋಗದೇ ಇರುತ್ತಾರಾ? ಅಕ್ಟೋಬರಿನಲ್ಲಿ 160 ಥಿಯೇಟರುಗಳಿಂದಲೇ ಒಂದು ವಾರಾಂತ್ಯಕ್ಕೆ 79 ಲಕ್ಷ ಡಾಲರ್ ಬಂತು. ತಿಂಗಳ ಕೊನೆಗೆ ಅದು 'ಸಾ' ಸರಣಿಯ ಆರನೇ ಸಿನಿಮಾವನ್ನೂ ಹಿಂದೆ ಹಾಕಿತು.

15,000 ಡಾಲರಿನಲ್ಲಿ ಇಲ್ಲದ ಲೆಕ್ಕ

ಈಗ ಬೀರುವಿನ ಕಡೆ ಬರೋಣ.

15,000 ಡಾಲರ್ ಎನ್ನುವುದು ಚಿತ್ರೀಕರಣದ ಖರ್ಚು. ಮನೆಯನ್ನು ಕ್ಯಾಮೆರಾಗೆ ತಯಾರು ಮಾಡಲು ಪೆಲಿ ಒಂದು ವರ್ಷ ಬಣ್ಣ, ಕಾರ್ಪೆಟ್, ಪೀಠೋಪಕರಣ ಅಂತ ಒದ್ದಾಡಿದ್ದಾನೆ. ಬಾಡಿಗೆ ಇಲ್ಲ, ಯಾಕಂದ್ರೆ ಮನೆ ಅವನದೇ. ನಿರ್ದೇಶಕನಿಗೆ ಸಂಬಳ ಇಲ್ಲ, ಎಡಿಟರಿಗೂ ಇಲ್ಲ, ಎರಡೂ ಅವನೇ. ಕೊನೆಗೆ ಸಿನಿಮಾ ಬಿಡುಗಡೆ ಮಾಡಿದ ಪ್ಯಾರಾಮೌಂಟ್ ಸ್ಟುಡಿಯೋ ಹಾಕಿದ ಪ್ರಚಾರದ ದುಡ್ಡು ಆ ಅಂಕಿಯೊಳಗಿಲ್ಲ. ಟಿವಿ ಜಾಹೀರಾತು, ಪ್ರಿಂಟು, ಊರೂರಿನ ಬಿಡುಗಡೆ, ಇದೆಲ್ಲ ಕೋಟಿಗಳ ಮಾತು. ಇನ್ನು ಕಲೆಕ್ಷನ್ ಅಂತ ಪೇಪರಿನಲ್ಲಿ ಬರುವುದು ಟಿಕೆಟ್ ಮಾರಿದ ದುಡ್ಡು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರಿನವರದು.

'ಬ್ಲೇರ್ ವಿಚ್' ಕಥೆಯೂ ಅಷ್ಟೇ. ಕಾಡಿನಲ್ಲಿ ಎಂಟು ದಿನ ತೆಗೆಯಲು ಹತ್ತಾರು ಸಾವಿರ ಡಾಲರ್ ಸಾಕಾಯಿತು. ಅದನ್ನು ಸುಮಾರು 11 ಲಕ್ಷ ಡಾಲರಿಗೆ ಕೊಂಡ ಆರ್ಟಿಸನ್ ಕಂಪನಿ ಸದ್ದು ತಿದ್ದಲು, ಪ್ರತಿ ಮಾಡಲು, ಪ್ರಚಾರಕ್ಕೆ ಸುರಿದದ್ದು ಅದರ ಎಷ್ಟೋ ಪಟ್ಟು. ಬಾಯಿಂದ ಬಾಯಿಗೆ ತಾನಾಗಿ ಹಬ್ಬಿದಂತೆ ಕಂಡದ್ದರ ಹಿಂದೆ ಹಬ್ಬಿಸಲು ಸಂಬಳಕ್ಕೆ ಕೂತ ಜನ ಇದ್ದರು. ಇದು ತಪ್ಪಲ್ಲ. ಆದರೆ ಸಕಲೇಶಪುರದ ಬಂಗಲೆಗೆ ಹೊರಡುವ ಹುಡುಗನಿಗೆ ಯಾರೂ ಈ ಭಾಗ ಹೇಳುವುದಿಲ್ಲ.

ಹಾಗಾದರೆ ಇದರಲ್ಲಿ ಯಾರಾದರೂ ಲೆಕ್ಕಾಚಾರ ಹಾಕಿ, ವರ್ಷವರ್ಷವೂ ಗೆದ್ದಿದ್ದಾರಾ? ಗೆದ್ದಿದ್ದಾರೆ. 'ಬ್ಲೇರ್ ವಿಚ್' ಬಿಟ್ಟ ಅದೇ ಜೇಸನ್ ಬ್ಲಮ್, ತನ್ನ ಬ್ಲಮ್‌ಹೌಸ್ ಕಂಪನಿಯಲ್ಲಿ. ಅವನ ಪದ್ಧತಿ ನಮ್ಮೂರ ಚೀಟಿ ವ್ಯವಹಾರದವರಿಗೂ ಅರ್ಥವಾಗುವಂಥದ್ದು. ಮೊದಲ ವರ್ಷಗಳಲ್ಲಿ ಒಂದು ಸಿನಿಮಾಗೆ 30–50 ಲಕ್ಷ ಡಾಲರಿನ ಆಸುಪಾಸು, ಸಾಮಾನ್ಯವಾಗಿ ಅದರ ಮೇಲೆ ಹೋಗುತ್ತಿರಲಿಲ್ಲ. ನಟರಿಗೂ ನಿರ್ದೇಶಕನಿಗೂ ಮೊದಲು ಕೊಡುವುದು ಯೂನಿಯನ್ ನಿಗದಿ ಮಾಡಿದ ಕನಿಷ್ಠ ಸಂಬಳ. ಸಿನಿಮಾ ಇಂತಿಷ್ಟು ಗಳಿಸಿದರೆ ಇಂತಿಷ್ಟು ಬೋನಸ್ ಅಂತ ಮೊದಲೇ ಬರೆದುಕೊಡುತ್ತಾರೆ. ಅದಕ್ಕೆ ಬದಲಾಗಿ ನಿರ್ದೇಶಕನ ತಂಟೆಗೆ ಹೋಗುವುದಿಲ್ಲ.

ಉಳಿತಾಯ ಎಲ್ಲಿಂದ ಶುರುವಾಗುತ್ತದೆ ನೋಡಿ. ಅಮೆರಿಕದಲ್ಲಿ ಹೀರೋ ಹಿಂದೆ ಸುಮ್ನೆ ನಿಲ್ಲುವ ಎಕ್ಸ್‌ಟ್ರಾ ನಟ ಒಂದು ಮಾತಾಡಿದರೂ ಅವನ ದಿನಗೂಲಿ ಜಾಸ್ತಿಯಾಗುತ್ತದೆ. ಆದ್ದರಿಂದ ಇಂಥ ಸಿನಿಮಾಗಳಲ್ಲಿ ಕಾಫಿ ತಂದಿಟ್ಟವನು ತಲೆಯಾಡಿಸಿ ಹೋಗುತ್ತಾನೆ, 'ತಗೊಳ್ಳಿ ಸಾರ್' ಅನ್ನುವುದಿಲ್ಲ. 2013ರ 'ದಿ ಪರ್ಜ್' ಹೆಚ್ಚಿನ ಪಾಲು ಒಂದೇ ಮನೆಯೊಳಗೆ ನಡೆಯುತ್ತದೆ. 30 ಲಕ್ಷ ಡಾಲರಿನ ಸಿನಿಮಾ, ಮೊದಲ ವಾರಾಂತ್ಯಕ್ಕೇ 3.4 ಕೋಟಿ ತಂದಿತು. 2017ರ 'ಗೆಟ್ ಔಟ್' 45 ಲಕ್ಷದಲ್ಲಿ ತಯಾರಾಗಿ 25 ಕೋಟಿ ಡಾಲರ್ ದಾಟಿತು, ಚಿತ್ರಕಥೆಗೆ ಆಸ್ಕರ್ ಕೂಡ ಬಂತು. ಜೋರ್ಡನ್ ಪೀಲ್ ಅದರಲ್ಲಿ ಹೆದರಿಸಲು ಬಳಸಿದ್ದು ಕಪ್ಪು ಹುಡುಗನೊಬ್ಬ ಬಿಳಿಯ ಹುಡುಗಿಯ ಮನೆಗೆ ಹೋದಾಗ ಎದುರಾಗುವ ಅತಿ ಸೌಜನ್ಯವನ್ನು. ಸೌಜನ್ಯಕ್ಕೆ ಖರ್ಚು ಎಷ್ಟು?

ಬ್ಲಮ್‌ನ ಎಲ್ಲ ಸಿನಿಮಾಗಳೂ ಗೆಲ್ಲುವುದಿಲ್ಲ, ಎಲ್ಲವನ್ನೂ ದೊಡ್ಡದಾಗಿ ಥಿಯೇಟರಿಗೆ ಬಿಡುವುದೂ ಇಲ್ಲ. ಚೆನ್ನಾಗಿ ಬಂದದ್ದಕ್ಕೆ ಸ್ಟುಡಿಯೋ ಪ್ರಚಾರದ ದುಡ್ಡು ಹಾಕುತ್ತದೆ. ಸುಮಾರಾಗಿದ್ದದ್ದು ಸದ್ದಿಲ್ಲದೆ ಆನ್‌ಲೈನಿಗೆ ಹೋಗುತ್ತದೆ. ಹತ್ತರಲ್ಲಿ ಒಂದೆರಡು ದೊಡ್ಡದಾಗಿ ಎದ್ದರೆ ಉಳಿದವುಗಳ ಸಾಲ ತೀರುತ್ತದೆ. ಒಂದೇ ಸಿನಿಮಾಗೆ ಅಪ್ಪನ ಜಮೀನು ಮಾರಿದವನಿಗೆ ಈ ಆಟ ಇಲ್ಲ. ನನ್ನ ಪ್ರಕಾರ ಇಡೀ ವ್ಯವಹಾರದ ಗುಟ್ಟು ಇರುವುದು ಇಲ್ಲೇ. ಕಡಿಮೆ ಬಜೆಟ್ ಅಂದರೆ ಜಾಸ್ತಿ ಲಾಭ ಅಂತಲ್ಲ. ಸೋತರೆ ಮುಳುಗುವುದಿಲ್ಲ ಅಂತ ಮಾತ್ರ. ಸೋತ ಮೇಲೂ ಮತ್ತೊಂದು ತೆಗೆಯುವ ತಾಕತ್ತು ಇದ್ದವರಿಗಷ್ಟೇ ಅದರ ಪ್ರಯೋಜನ.

ದುಡ್ಡು ಸುರಿಯುತ್ತಾ ಹೋದರೆ ಏನಾಗುತ್ತದೆ ಅಂತ ಬ್ಲಮ್‌ಹೌಸಿಗೇ 2025ರಲ್ಲಿ ಗೊತ್ತಾಯಿತು. ಬೊಂಬೆಯೊಂದು ಕೊಲ್ಲಲು ಹೊರಡುವ 'ಮೇಗನ್' 1.2 ಕೋಟಿ ಡಾಲರಿನಲ್ಲಿ ತಯಾರಾಗಿ 18 ಕೋಟಿ ತಂದಿತ್ತು. ಎರಡನೇ ಭಾಗಕ್ಕೆ ದುಡ್ಡು ಜಾಸ್ತಿ ಹಾಕಿ, ಹಾರರ್ ಕಡಿಮೆ ಮಾಡಿ, ಆಕ್ಷನ್ ತುಂಬಿದರು. 4 ಕೋಟಿ ತಲುಪಲಿಕ್ಕೂ ಏದುಸಿರು ಬಿಟ್ಟಿತು. ಅದರ ಹಿಂದಿನ ವರ್ಷ, 2024ರ ಅಕ್ಟೋಬರಿನಲ್ಲಿ, 20 ಲಕ್ಷ ಡಾಲರಿನ 'ಟೆರಿಫೈಯರ್ 3' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂದಿತ್ತು. ಅದು ಕೆಳಗೆ ತಳ್ಳಿದ್ದು 20 ಕೋಟಿ ಡಾಲರ್ ಸುರಿದ 'ಜೋಕರ್' ಎರಡನೇ ಭಾಗವನ್ನು. ('ಟೆರಿಫೈಯರ್'ನ ರಕ್ತಪಾತ ನನಗೆ ಅರ್ಧ ಗಂಟೆಯೂ ನೋಡಲಾಗಲಿಲ್ಲ. ಅದು ಬೇರೆ ಮಾತು.)

ಸೋಮೇಶ್ವರದ ಸುಲೋಚನ

ಕನ್ನಡಕ್ಕೆ ದೆವ್ವ ಹೊಸದಲ್ಲ. 1979ರಲ್ಲಿ 'ನಾ ನಿನ್ನ ಬಿಡಲಾರೆ', 1993ರಲ್ಲಿ ಉಪೇಂದ್ರ ನಿರ್ದೇಶಿಸಿದ 'ಶ್!', 2013ರಲ್ಲಿ ಟ್ರೆಕ್ಕಿಂಗ್ ಹೋದವರ ಕ್ಯಾಮೆರಾ ಸಿಕ್ಕಿತು ಎಂಬ ಧಾಟಿಯ '6-5=2'. ಕೊನೆಯದರಲ್ಲಿ ಗೊತ್ತಿರುವ ಮುಖ ಒಂದೂ ಇರಲಿಲ್ಲ. ಚೆನ್ನಾಗಿ ಓಡಿತು, ಮರುವರ್ಷ ಹಿಂದಿಗೂ ಹೋಯಿತು. ಅದನ್ನು ನೋಡಿ ಮುಂದಿನ ಎರಡು ಮೂರು ವರ್ಷ ಗಾಂಧಿನಗರದಲ್ಲಿ ದೆವ್ವಗಳ ಸಂತೆಯೇ ಸೇರಿತು. ಹೆಚ್ಚಿನವು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಯಾಕೆ ಅಂದರೆ ನಮ್ಮಲ್ಲಿ ತೋರಿಸದ ಖರ್ಚು ಬೇರೆ ಥರದ್ದು. ಎಷ್ಟೋ ಸಿಂಗಲ್ ಸ್ಕ್ರೀನ್ ಥಿಯೇಟರುಗಳಿಗೆ ವಾರದ ಬಾಡಿಗೆ ಕಟ್ಟಬೇಕು, ಜನ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ ಬೇರೆ. ಮಲ್ಟಿಪ್ಲೆಕ್ಸಿನಲ್ಲಿ ಬಾಡಿಗೆ ಇಲ್ಲ, ಪಾಲು. ಆದರೆ ಅಲ್ಲಿ ಶುಕ್ರವಾರ ಬೆಳಗ್ಗೆ ಸೀಟು ಖಾಲಿ ಇದ್ದರೆ ಭಾನುವಾರದೊಳಗೆ ಶೋ ಮಾಯ. ಬಾಯಿಂದ ಬಾಯಿಗೆ ಹಬ್ಬಲು ಹತ್ತು ದಿನವಾದರೂ ಬೇಕು, ಸಿಗುವುದು ಮೂರು ದಿನ. ಒಟಿಟಿಯವರು ಸಣ್ಣ ಕನ್ನಡ ಸಿನಿಮಾಗಳನ್ನು ಕೊಳ್ಳಲು ಹಿಂದೆ ಮುಂದೆ ನೋಡುತ್ತಾರೆ. ನನ್ನ ಗೆಳೆಯ ಸೋತದ್ದು ಇದೇ ಜಾಗದಲ್ಲಿ, ಬಂಗಲೆಯಲ್ಲಿ ಅಲ್ಲ.

ಇದೇ ಕಟ್ಟನ್ನು 'ಸು ಫ್ರಮ್ ಸೋ' ದಾಟಿದ ರೀತಿ ನೋಡಬೇಕು. ಜೆ.ಪಿ. ತುಮಿನಾಡು ಬರೆದು ನಿರ್ದೇಶಿಸಿ ನಟಿಸಿದ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರಾಗಿದ್ದ ಈ ಸಿನಿಮಾ 2025ರ ಜುಲೈ 25ರಂದು ತೆರೆಗೆ ಬಂತು. ಐದಾರು ಕೋಟಿಯೊಳಗೆ ಮುಗಿದ ಸಿನಿಮಾ ಎಂದು ವರದಿಯಾಗಿತ್ತು. ಗಳಿಕೆ 100 ಕೋಟಿ ದಾಟಿತು. ಆ ವರ್ಷದ ಮೊದಲರ್ಧದಲ್ಲಿ ಕನ್ನಡ ಥಿಯೇಟರುಗಳು ಬಿಕೋ ಅನ್ನುತ್ತಿದ್ದವು ಎನ್ನುವುದನ್ನು ಮರೆಯಬಾರದು.

ಕರಾವಳಿಯ ಒಂದು ಊರು. ಅಶೋಕ ಎಂಬ ಹುಡುಗ ಮಾಡಿದ ಕಿತಾಪತಿಯೊಂದು ಎಡವಟ್ಟಾಗಿ, ಸೋಮೇಶ್ವರದ ಸುಲೋಚನ ಅವನ ಮೈಮೇಲೆ ಬಂದಿದ್ದಾಳೆ ಎಂದು ಊರೇ ನಂಬಿಬಿಡುತ್ತದೆ. ಹೆಸರಿನ ಅರ್ಥವೂ ಅದೇ. ದೆವ್ವಕ್ಕೆ ಇಲ್ಲಿ ಖರ್ಚೇ ಇಲ್ಲ, ಯಾಕಂದ್ರೆ ಕಾಣಬೇಕಾದದ್ದು ದೆವ್ವ ಅಲ್ಲ, ದೆವ್ವ ಇದೆ ಅಂದುಕೊಂಡ ಜನರ ಪೇಚಾಟ. ಯಾರಿಗೂ ಹೆದರದವನು ಎಂದು ಹೆಸರಾದ ರವಿಯಣ್ಣ ಹೇಗೆ ಮುಖ ಉಳಿಸಿಕೊಳ್ಳುತ್ತಾನೆ ಅನ್ನುವುದೇ ಅರ್ಧ ಸಿನಿಮಾ. ನಗುವಿನ ನಡುವೆ ಕಥೆ ಒಂದು ಕಡೆ ಸುಲೋಚನಳ ಮನೆಯ ಕಷ್ಟದತ್ತ ತಿರುಗುತ್ತದೆ. ಅಲ್ಲಿ ನಗು ತಾನಾಗಿ ನಿಲ್ಲುತ್ತದೆ.

ನಾನು ಮೈಸೂರಿನಲ್ಲಿ ಎರಡನೇ ವಾರ ನೋಡಿದೆ. ಪಕ್ಕದ ಸೀಟಿನ ಅಜ್ಜಿಯೊಬ್ಬರು ಮೊಮ್ಮಗನ ಕಣ್ಣು ಮುಚ್ಚಿ, ತಾವು ಮಾತ್ರ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿದ್ದರು. "ಸುಮ್ನಿರೋ, ಅದು ದೆವ್ವ ಅಲ್ಲ, ಕುಡಿದಿದಾನೆ" ಅಂತ ಪಿಸುಗುಡುತ್ತಾ. ಬರೀ ಹಾರರ್ ಆಗಿದ್ದರೆ ಆ ಅಜ್ಜಿ ಬರುತ್ತಿರಲಿಲ್ಲ, ಮೊಮ್ಮಗನನ್ನಂತೂ ಕರೆತರುತ್ತಿರಲಿಲ್ಲ. ಅಂದರೆ ಒಂದರ ಬದಲು ನಾಲ್ಕು ಟಿಕೆಟ್. ಅಮೆರಿಕದಲ್ಲಿ ಈ ಬಗೆಯ ಸಿನಿಮಾದ ನೆಚ್ಚಿನ ಗಿರಾಕಿ ಕಾಲೇಜು ಹುಡುಗರು. ಇಲ್ಲಿ ಇಡೀ ಮನೆ.

ಪ್ರಚಾರದಲ್ಲಿ ಅವರು ಮಾಡಿದ್ದು ಸರಳ. ದೊಡ್ಡ ಹೋರ್ಡಿಂಗ್ ಭರಾಟೆ ಇಲ್ಲ. ಬಿಡುಗಡೆಗೂ ಮುಂಚೆ ಮಂಗಳೂರು ಸೇರಿ ಕೆಲವು ಊರುಗಳಲ್ಲಿ ಪೇಯ್ಡ್ ಪ್ರೀಮಿಯರ್ ಇಟ್ಟರು. ನೋಡಿದವರು ವಾಟ್ಸಾಪಿನಲ್ಲಿ ಬರೆದರು. ಶುಕ್ರವಾರದ ಹೊತ್ತಿಗೆ ಹತ್ತು ದಿನದಲ್ಲಿ ಹಬ್ಬಬೇಕಾದ ಮಾತು ಆಗಲೇ ಅರ್ಧ ಹಬ್ಬಿ ಆಗಿತ್ತು. ಭಾನುವಾರ ಮಾಯವಾಗಬೇಕಿದ್ದ ಶೋಗಳು ಜಾಸ್ತಿಯಾದವು. ಕೇರಳದಲ್ಲಿ ದುಲ್ಕರ್ ಸಲ್ಮಾನ್ ಅವರ ಕಂಪನಿ ಹಂಚಿಕೆಗೆ ಕೈಹಾಕಿತು. 13 ಕಾಲೇಜು ಊರುಗಳ ಮಧ್ಯರಾತ್ರಿ ಶೋ ಮಾಡಿದ ಕೆಲಸವನ್ನೇ ಇದೂ ಮಾಡಿತು. ಆದರೆ ಒಂದು ಮಾತು. ಪ್ರೀಮಿಯರಿಗೆ ಜನ ಬಂದದ್ದು ರಾಜ್ ಶೆಟ್ಟಿ ಎಂಬ ಹೆಸರಿನ ಮೇಲಿನ ನಂಬಿಕೆಗೂ ಹೌದು. ಆ ನಂಬಿಕೆ ಕಟ್ಟಲು ಅವರಿಗೆ ವರ್ಷಗಳೇ ಹಿಡಿದಿವೆ. ಐದಾರು ಕೋಟಿಯ ಲೆಕ್ಕದಲ್ಲಿ ಅದನ್ನು ಯಾವ ಕಾಲಮ್ಮಿಗೆ ಹಾಕುತ್ತೀರಿ?

ಕಾಣೆಯಾದವರು ಕೇಳಿದ್ದು

ರೊಮೆರೊ ಗೆಳೆಯರ ಸಿನಿಮಾಗೆ ಆದದ್ದು ಹೇಳಿ ಮುಗಿಸಿರಲಿಲ್ಲ. ಕೊನೆ ಗಳಿಗೆಯಲ್ಲಿ ಹಂಚಿಕೆದಾರರು ಸಿನಿಮಾದ ಹೆಸರು ಬದಲಿಸಿದರು. ಹೊಸ ಟೈಟಲ್ ಕಾರ್ಡ್ ಹಾಕುವಾಗ ಹಳೆಯದರಲ್ಲಿದ್ದ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನ ಪ್ರಕಾರ ಆ ಒಂದು ಸಾಲು ಇಲ್ಲದಿದ್ದರೆ ಹಕ್ಕೇ ಇಲ್ಲ. ಯಾರು ಬೇಕಾದರೂ ಪ್ರತಿ ಮಾಡಿ ಮಾರಬಹುದು. ಮಾರಿದರು. ಸಿನಿಮಾ ಕೋಟಿಗಟ್ಟಲೆ ಡಾಲರ್ ತಂದಿತು, ತಲಾ 600 ಹಾಕಿದವರಿಗೆ ಸಿಕ್ಕಿದ್ದು ಅದರಲ್ಲಿ ಚೂರುಪಾರು.

'ಬ್ಲೇರ್ ವಿಚ್'ನ ಮೂವರು ನಟರದ್ದು ಇನ್ನೊಂದು ಥರ. ಅದರಲ್ಲಿ ಕ್ಯಾಮೆರಾ ಹಿಡಿದು ಚಿತ್ರ ತೆಗೆದವರೂ ಅವರೇ, ಮಾತು ಕಟ್ಟಿಕೊಂಡವರೂ ಅವರೇ. ದಿನಕ್ಕೊಂದು ಡಬ್ಬಿಯಲ್ಲಿ ಇಂದು ಏನು ಮಾಡಬೇಕೆಂಬ ಚೀಟಿ ಸಿಗುತ್ತಿತ್ತು, ಊಟ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಹಸಿವಿನ ಸಿಡುಕು ನಿಜವಾಗಿ ಬರಲಿ ಅಂತ. ಅವರ ಸ್ವಂತ ಹೆಸರುಗಳನ್ನೇ ಪಾತ್ರಗಳಿಗೂ ಇಟ್ಟಿದ್ದರು.

2024ರ ಏಪ್ರಿಲ್‌ನಲ್ಲಿ ಈ ಸಿನಿಮಾವನ್ನು ಹೊಸದಾಗಿ ಮಾಡುತ್ತೇವೆ ಎಂದು ಲಯನ್ಸ್‌ಗೇಟ್ ಘೋಷಿಸಿತು. ಜೊತೆಗಾರ ಬ್ಲಮ್‌ಹೌಸ್. 25 ವರ್ಷದ ಹಿಂದೆ ಬೇಡ ಅಂದವನ ಕೈಗೇ ಸುತ್ತಿ ಬಂತು. ಅದೇ ತಿಂಗಳು ಮೂವರು ನಟರೂ ಸೇರಿ ಒಂದು ಬಹಿರಂಗ ಪತ್ರ ಬರೆದರು. ಯೂನಿಯನ್ ಇದ್ದಿದ್ದರೆ ಸಿಗುತ್ತಿದ್ದ ಬಾಕಿ ಸಂಭಾವನೆಯನ್ನು ಈಗಲಾದರೂ ಕೊಡಿ, ನಮ್ಮ ಹೆಸರು, ಮುಖ ಬಳಸುವ ಮುಂಚೆ ನಮ್ಮನ್ನು ಒಂದು ಮಾತು ಕೇಳಿ ಎಂದು.